ನಾಲ್ಕರಲ್ಲಿ ಒಂದು ಮರಿ ಯಾಕೆ ಉಳಿಯಲ್ಲ?

ಬಸವನಗುಡಿಯ ನಮ್ಮ ಮನೆಯಲ್ಲಿ ಮೊಲ ಮೊದಲ ಸಲ ಮರಿ ಹಾಕಿದ ದಿನ, ಅಡುಗೆಮನೆಯ ತಕ್ಕಡಿ ತಂದು ಮರಿಗಳನ್ನು ಒಂದೊಂದಾಗಿ ತೂಗಿದೆ. ಒಂದು 41 ಗ್ರಾಂ. ಎರಡು 28ರ ಆಸುಪಾಸು. ಕೊನೆಯದು ಬರೀ 13.

ಆ ಕೊನೆಯ ಮರಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ತುಂಬಾ ಹೊತ್ತು ನೋಡಿದೆ. ತಲೆ ಊದಿಕೊಂಡ ಹಾಗೆ ಅಗಲ. ಕಿವಿ ಜೋಳದ ಕಾಳಿನಷ್ಟು, ಅದೂ ತೀರಾ ಹಿಂದಕ್ಕೆ ಅಂಟಿಕೊಂಡಿದೆ. ಸೊಂಟದಿಂದ ಕೆಳಗೆ ಶಕ್ತಿಯೇ ಇಲ್ಲ. ತಾಯಿಮೊಲ ದಿನಕ್ಕೆ ಒಂದೆರಡು ಸಲ ಬಂದು ಕೆಲವೇ ನಿಮಿಷ ಹಾಲು ಕೊಟ್ಟು ಹೋಗುತ್ತದೆ, ಅಷ್ಟರಲ್ಲಿ ಉಳಿದ ಮೂರೂ ಚಿಮ್ಮಿ ಚಿಮ್ಮಿ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದವು, ಇದು ಮಾತ್ರ ಹುಲ್ಲಿನಲ್ಲಿ ಮುಖ ಹುದುಗಿಸಿಕೊಂಡು ಬಿದ್ದಿರುತ್ತಿತ್ತು. ಮೂರನೇ ದಿನ ಬೆಳಿಗ್ಗೆ ತಣ್ಣಗಾಗಿತ್ತು.

ನನ್ನದೇ ತಪ್ಪು ಅಂದುಕೊಂಡೆ. ಚಳಿ ತಾಗಿತೇನೋ, ಹಾಲು ಸಾಕಾಗಲಿಲ್ಲವೇನೋ. ಕೊನೆಗೆ ಯಲಹಂಕದಲ್ಲಿ ಬಹಳ ವರ್ಷದಿಂದ ಮೊಲ ಸಾಕಿರುವ ಪರಿಚಯದ ಅಂಕಲ್‌ಗೆ ಫೋನ್ ಮಾಡಿದೆ. "ಅದು ಪೀನಟ್ ಕಣಮ್ಮ. ನೀನು ಏನು ಮಾಡಿದ್ರೂ ಉಳೀತಿರಲಿಲ್ಲ. ಗಂಡೂ ಡ್ವಾರ್ಫು, ಹೆಣ್ಣೂ ಡ್ವಾರ್ಫು, ಅಲ್ವಾ?" ಅಂದರು.

ಡ್ವಾರ್ಫ್ ಅಂದರೆ ಗಿಡ್ಡ ತಳಿ, ಪೀನಟ್ ಅಂದರೆ ಕಡಲೆಕಾಯಿ. ಪರಿಷೆ ನಡೆಯುವ ಬೀದಿಯ ಪಕ್ಕದಲ್ಲೇ ಹುಟ್ಟಿ ಬೆಳೆದವಳಿಗೆ ಅದು ಖುಷಿಯ ಪದ. ಸತ್ತ ಮರಿಗೆ ಆ ಹೆಸರು ಕೇಳಿ ಹೊಟ್ಟೆ ಚುರುಕ್ ಅಂತು. ಅವತ್ತಿನಿಂದ ಈ ಗಿಡ್ಡ ಮೊಲಗಳ ಕಥೆ ಹುಡುಕಿ ಓದುತ್ತಿದ್ದೇನೆ.

ಕಥೆ ಶುರುವಾಗುವುದು ಯುರೋಪಿನಲ್ಲಿ. 19ನೇ ಶತಮಾನದ ಕೊನೆಯ ಹೊತ್ತಿಗೆ ಬ್ರಿಟನ್ ಮತ್ತು ಜರ್ಮನಿಯಲ್ಲಿ ಪೋಲಿಷ್ ಎಂಬ ಪುಟ್ಟ ಬಿಳಿ ಮೊಲ ಪ್ರದರ್ಶನದ ಮೇಜು ಹತ್ತಿತ್ತು. ಆಮೇಲೆ ನೆದರ್ಲೆಂಡ್ಸ್‌ನವರು ಈ ಬಿಳಿ ಮೊಲಕ್ಕೆ ಬಣ್ಣ ತರಬೇಕು ಅಂತ ಸಣ್ಣ ಕಾಡುಮೊಲಗಳ ಜೊತೆ ಕೂಡಿಸಿದರು. ಹಾಗೆ ಬಂದದ್ದು ನೆದರ್ಲೆಂಡ್ ಡ್ವಾರ್ಫ್. ಗುಂಡು ಮುಖ, ಚೋಟು ಕಿವಿ, ದೊಡ್ಡ ಕಣ್ಣು. 1940ರಲ್ಲಿ ತಳಿಗೆ ಅಲ್ಲಿ ಮಾನ್ಯತೆ ಸಿಕ್ಕಿತು, ಅದೇ ವರ್ಷ ಜರ್ಮನ್ ಸೈನ್ಯ ದೇಶದೊಳಗೆ ನುಗ್ಗಿತು. ಜನರಿಗೇ ಊಟವಿಲ್ಲದ ಕಾಲದಲ್ಲಿ ಒಂದು ಕೆಜಿ ತೂಗುವ ಮೊಲವನ್ನು ಯಾರು ಸಾಕುತ್ತಾರೆ? ಯುದ್ಧ ಮುಗಿದಾಗ ಉಳಿದಿದ್ದವು 17 ಮಾತ್ರ ಅಂತ ತಳಿಯ ಚರಿತ್ರೆ ಹೇಳುವವರೆಲ್ಲ ಹೇಳುತ್ತಾರೆ. 1948ರಲ್ಲಿ ಕೆಲವು ಬ್ರಿಟನ್ನಿಗೆ ಹೋದವು, 1969ರಲ್ಲಿ ಅಮೆರಿಕದಲ್ಲೂ ಮಾನ್ಯತೆ ಬಂತು. ಅಲ್ಲಿನ ಪ್ರದರ್ಶನದಲ್ಲಿ ಎರಡೂವರೆ ಪೌಂಡ್, ಅಂದರೆ ಸುಮಾರು 1.13 ಕೆಜಿ ದಾಟಿದರೆ ಮೇಜಿನಿಂದ ಇಳಿಸುತ್ತಾರೆ.

ಬೆಂಗಳೂರಿನಲ್ಲಿ ಜಾಸ್ತಿ ಕೇಳಿಬರುವ, ಕಿವಿ ಜೋತುಬಿದ್ದ ಹಾಲೆಂಡ್ ಲಾಪ್ ಕೂಡ ಇದರ ಕುಡಿಯೇ. ಟಿಲ್ಬರ್ಗ್ ಊರಿನ ಆಡ್ರಿಯಾನ್ ಡಿ ಕಾಕ್ ಎಂಬುವರು 1949ರಲ್ಲಿ ದೊಡ್ಡ ಫ್ರೆಂಚ್ ಲಾಪ್ ಮತ್ತು ನೆದರ್ಲೆಂಡ್ ಡ್ವಾರ್ಫ್ ಕೂಡಿಸಲು ಹೊರಟರು. ಮೊದಲು ಹುಟ್ಟಿದವೆಲ್ಲ ಕಿವಿ ನೆಟ್ಟಗಿದ್ದ ಮರಿಗಳು. ಇಂಗ್ಲಿಷ್ ಲಾಪ್ ರಕ್ತವನ್ನೂ ಸೇರಿಸಿ, ಹದಿನೈದು ವರ್ಷ ಪಟ್ಟು ಬಿಡದೆ ಸಾಕಿದ ಮೇಲೆ 1964ರಲ್ಲಿ ಮಾನ್ಯತೆ. ಕಿವಿ ಜೋತದ್ದು ಒಂದು ಕಡೆಯಿಂದ ಬಂತು, ಗಾತ್ರ ಇನ್ನೊಂದು ಕಡೆಯಿಂದ. ಆ ಗಾತ್ರದ ಜೊತೆ ಸಾಯುವ ಮರಿಯೂ ಬಂತು.

ಆ ಮರಿ ಯಾಕೆ ಸಾಯುತ್ತದೆ ಎಂಬುದಕ್ಕೆ 1934ರಲ್ಲೇ ಉತ್ತರ ಸಿಕ್ಕಿತ್ತು. ಅಮೆರಿಕದಲ್ಲಿ ಗ್ರೀನ್, ಹು ಮತ್ತು ಬ್ರೌನ್ ಎಂಬ ಮೂವರು 'ಸೈನ್ಸ್' ಪತ್ರಿಕೆಯಲ್ಲಿ ಬರೆದರು: ಇದು ಹುಟ್ಟಿನಲ್ಲೇ ಬರುವ ಜೀನ್‌ನ ಕೆಲಸ. ಪ್ರತಿ ಮರಿಗೂ ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ ಬರುತ್ತದಲ್ಲ, ಗಿಡ್ಡ ಜೀನ್ ಒಂದೇ ಪ್ರತಿ ಬಂದರೆ ಮರಿ ಹುಟ್ಟುವಾಗ ಮಾಮೂಲಿ ಮರಿಯ ಮೂರನೇ ಎರಡು ಭಾಗ ತೂಗುತ್ತದೆ, ಬದುಕುತ್ತದೆ. ಎರಡೂ ಪ್ರತಿ ಬಂದರೆ ಮೂರನೇ ಒಂದು ಭಾಗ ಮಾತ್ರ, ಕೆಲವೇ ದಿನದಲ್ಲಿ ಸಾಯುತ್ತದೆ. ನನ್ನ ತಕ್ಕಡಿಯ 41, 28, 13 ಈಗ ಓದಿನೋಡಿ.

ಇಲ್ಲೇ ಸ್ವಲ್ಪ ನಿಲ್ಲಬೇಕು, ಯಾಕಂದರೆ ತುಂಬಾ ಜನ ತಪ್ಪು ತಿಳಿದಿರುವುದು ಇದನ್ನೇ. ಮಲೆನಾಡು ಗಿಡ್ಡ ಹಸುವಿಗೆ ಗಿಡ್ಡ ಕರುವೇ ಹುಟ್ಟುತ್ತದೆ. ಡ್ವಾರ್ಫ್ ಮೊಲದಲ್ಲಿ ಹಾಗೆ ಯಾವಾಗಲೂ ಗಿಡ್ಡ ಮರಿಯೇ ಹುಟ್ಟುವುದು ಸಾಧ್ಯವಿಲ್ಲ. ನೀವು ನೋಡುವ ಪ್ರತಿಯೊಂದು ನಿಜವಾದ ಡ್ವಾರ್ಫ್ ಮೊಲವೂ ಗಿಡ್ಡ ಜೀನ್‌ನ ಒಂದು ಪ್ರತಿ, ಮಾಮೂಲಿ ಜೀನ್‌ನ ಒಂದು ಪ್ರತಿ ಹೊತ್ತಿದೆ. ಅಂಥ ಎರಡನ್ನು ಕೂಡಿಸಿದರೆ ಲೆಕ್ಕದ ಪ್ರಕಾರ ನಾಲ್ಕರಲ್ಲಿ ಎರಡು ಡ್ವಾರ್ಫ್, ಒಂದು ದೊಡ್ಡದು, ಒಂದು ಪೀನಟ್. ಡ್ವಾರ್ಫ್ ಗಂಡನ್ನು ಗಿಡ್ಡ ಜೀನ್ ಇಲ್ಲದ ದೊಡ್ಡ ಹೆಣ್ಣಿಗೆ ಕೂಡಿಸಿದರೆ? ಎರಡು ಡ್ವಾರ್ಫ್, ಎರಡು ದೊಡ್ಡವು, ಪೀನಟ್ ಒಂದೂ ಇಲ್ಲ.

ಎರಡು ಲೆಕ್ಕದಲ್ಲೂ ಡ್ವಾರ್ಫ್ ಎರಡೇ! ಎರಡೂ ಕಡೆ ಗಿಡ್ಡ ಮೊಲ ಇಟ್ಟರೆ ಒಂದೇ ಒಂದು ಡ್ವಾರ್ಫ್ ಮರಿಯೂ ಹೆಚ್ಚಿಗೆ ಸಿಗುವುದಿಲ್ಲ. ದೊಡ್ಡದಾಗಿ ಬೆಳೆಯಬೇಕಿದ್ದ ಒಂದು ಮರಿಯ ಜಾಗದಲ್ಲಿ ಸತ್ತ ಮರಿ ಸಿಗುತ್ತದೆ, ಅಷ್ಟೇ. ಇದು ಗೊತ್ತಾದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಹಾಗಿದ್ದರೂ ಜನ ಯಾಕೆ ಹೀಗೆ ಮಾಡುತ್ತಾರೆ? ಬದುಕಿದ ಮರಿಗಳನ್ನು ಮಾತ್ರ ಎಣಿಸಿದರೆ ಮೂರಕ್ಕೆ ಎರಡು ಗಿಡ್ಡ ಅಂತ ಕಾಣುತ್ತದೆ. ಎರಡೂ ಕಡೆ ಚಂದದ ಮೊಲ ಇಟ್ಟರೆ ಮುಖ ಇನ್ನೂ ಗುಂಡಗೆ ಬರುತ್ತದೆ ಎಂಬ ನಂಬಿಕೆಯೂ ಇದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ವಾದಿಸುವವರೂ ಇದ್ದಾರೆ. ಗಿಡ್ಡ ಜೀನ್ ಇಲ್ಲದ ದೊಡ್ಡ ಮೊಲಕ್ಕೆ ಇಂಗ್ಲಿಷಿನಲ್ಲಿ ಸಾಕುವವರು ಇಟ್ಟಿರುವ ಹೆಸರಿನ ಅರ್ಥ 'ದೊಡ್ಡ ಕುರೂಪಿ' ಅಂತ. ನನಗಂತೂ ಆ ಹೆಸರು ಸರಿಬರಲಿಲ್ಲ. ಮರಿ ಹಾಕುವಾಗ ಜಾಸ್ತಿ ಕಷ್ಟಪಡದೆ, ಹೆಚ್ಚು ಮರಿ ಹೆತ್ತು, ಚೆನ್ನಾಗಿ ಹಾಲೂಡಿಸುವ ತಾಯಿ ಅದೇ.

ಯಾವ ಜೀನ್ ಅಂತ ಖಚಿತವಾಗಿ ಗೊತ್ತಾಗಲು ಇನ್ನೂ 83 ವರ್ಷ ಬೇಕಾಯಿತು. 2017ರಲ್ಲಿ 'ಜೆನೆಟಿಕ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿದ್ದು ಇಷ್ಟು: ಎಚ್‌ಎಂಜಿಎ2 ಎಂಬ ಜೀನ್‌ನಲ್ಲಿ ಸುಮಾರು 12,100 ಅಕ್ಷರದಷ್ಟು ಉದ್ದದ ಡಿಎನ್‌ಎ ತುಂಡು ಕಿತ್ತುಹೋಗಿದೆ. ಜೀನ್ ಶುರುವಾಗುವ ಭಾಗವೇ ಹೋಗಿರುವುದರಿಂದ ಆ ಪ್ರತಿ ಕೆಲಸ ಮಾಡುವುದಿಲ್ಲ. ಗರ್ಭದಲ್ಲಿ ಮೈ ಬೆಳೆಯಲು ಬೇಕಾದ ಜೀನ್ ಇದು. ಇಲಿಯಲ್ಲಿ ಇದು ಕೆಟ್ಟರೆ ಇಲಿ ಪಿಳ್ಳೆಯಾಗುತ್ತದೆ, ಮನುಷ್ಯರ ಎತ್ತರದಲ್ಲೂ ಇದಕ್ಕೆ ಪಾಲಿದೆ, ಗಲಾಪಗೋಸ್ ದ್ವೀಪದ ಫಿಂಚ್ ಹಕ್ಕಿಗಳ ಕೊಕ್ಕಿನ ಗಾತ್ರದಲ್ಲೂ ಇದೆ.

ಮೊಲದಲ್ಲಿ ಇದು ತಲೆಬುರುಡೆಯ ಆಕಾರವನ್ನೂ ಬದಲಿಸುತ್ತದೆ. ಆ ಮುದ್ದು ಮುಖಕ್ಕೆ ಅದೇ ಕಾರಣ. ಮುಖ ಮೊಟಕಾದಷ್ಟೂ ಮೇಲಿನ ದವಡೆ, ಕೆಳಗಿನ ದವಡೆ ಕೂಡದೆ ಹೋಗುವ ಅಪಾಯ ಜಾಸ್ತಿ. ಮೊಲದ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ಒಂದಕ್ಕೊಂದು ಉಜ್ಜಿ ಸವೆಯಬೇಕು. ಸವೆಯದಿದ್ದರೆ ಬಾಯೊಳಗೇ ಚುಚ್ಚುತ್ತದೆ. ಅದಕ್ಕೇ ಗರಿಕೆ, ಒಣಹುಲ್ಲು ಸದಾ ಮುಂದಿರಬೇಕು. ಬರೀ ಕ್ಯಾರೆಟ್ ಕೊಟ್ಟು ಸಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಬೆಂಗಳೂರಿನಲ್ಲಿ ಡ್ವಾರ್ಫ್ ಅಂತ ಕೊಂಡ ಮರಿ ಆರು ತಿಂಗಳಲ್ಲಿ ಎರಡೂವರೆ ಕೆಜಿ ಆಯಿತು ಅನ್ನುವವರು ಬಹಳ. ಸುಮ್ನೆ ಎಳೇ ಮರಿಯನ್ನು ತೋರಿಸಿ ಗಿಡ್ಡ ತಳಿ ಅಂತ ಮಾರಿರುತ್ತಾರೆ, ನನಗೂ ಒಂದು ಅಂಗಡಿಯಲ್ಲಿ ಹೀಗೇ ಆಗಿದೆ. ತಾಯಿ ತಂದೆ ಎರಡನ್ನೂ ನೋಡಿ, ಹುಟ್ಟಿದ ದಿನದ ತೂಕ ಕೇಳಿ. ಬರೆದಿಟ್ಟಿರುವವರು ಹೇಳುತ್ತಾರೆ.

ನಮ್ಮ ಮನೆಯ ಡ್ವಾರ್ಫ್ ಗಂಡಿಗೆ ಈಗ ಜೋಡಿ ಒಂದು ದೊಡ್ಡ ಹೆಣ್ಣು. ಅಮ್ಮ ಅದನ್ನು ದೊಡ್ಡಮ್ಮ ಅಂತ ಕರೆಯುತ್ತಾರೆ. ಈ ಸಲ ಐದು ಮರಿ, ಐದೂ ಹಾಲು ಕುಡಿದು, ಹನ್ನೊಂದನೇ ದಿನಕ್ಕೆ ಕಣ್ಣು ಬಿಟ್ಟವು. ಎರಡು ಗಿಡ್ಡ ಮರಿಗಳನ್ನು ಪರಿಚಯದವರು ಮೊದಲೇ ಕೇಳಿಕೊಂಡಿದ್ದರು, ಎರಡು ತಿಂಗಳಾದ ಮೇಲೆ ಕೊಟ್ಟೆ. ದೊಡ್ಡವು ಮೂರೂ ನಮ್ಮಲ್ಲೇ ಇವೆ. ಅದರಲ್ಲಿ ಎರಡು ಹೆಣ್ಣು.