ಸ್ಕ್ಯಾನ್ ದಿನ ಮೈ ಬಿಸಿ ಆಯ್ತಾ?

ಥೈರಾಯ್ಡ್ ಕ್ಯಾನ್ಸರ್ ಆಪರೇಷನ್ ಮುಗಿಸಿ ರೇಡಿಯೋ ಅಯೋಡಿನ್ ಚಿಕಿತ್ಸೆಗೆ (ವಿಕಿರಣ ಸೂಸುವ ಅಯೋಡಿನ್ ನುಂಗಿಸಿ ಉಳಿದ ಥೈರಾಯ್ಡ್ ಕೋಶಗಳನ್ನು ಸುಡುವುದು) ಬರುವವರನ್ನು ನಾನು ಮೊದಲು ಕೇಳುವುದೇ ಇದನ್ನು. 'ಕಾಂಟ್ರಾಸ್ಟ್ ಕೊಟ್ಟಿದ್ದರಾ?' ಎಂದರೆ 'ಗೊತ್ತಿಲ್ಲ ಡಾಕ್ಟ್ರೇ' ಅಂತಾರೆ. 'ಸಿಟಿ ಸ್ಕ್ಯಾನ್ ಮಾಡುವಾಗ ಇಂಜೆಕ್ಷನ್ ಹೋದ ಕೂಡಲೇ ಮೈಯೆಲ್ಲ ಬಿಸಿ ಆಯ್ತಾ?' ಎಂದರೆ ಥಟ್ಟನೆ ನೆನಪಾಗುತ್ತದೆ.

ಸ್ಕ್ಯಾನ್ ಚಿತ್ರ ಸ್ಪಷ್ಟವಾಗಿ ಕಾಣಲು ಹಾಕುವ ಆ ಇಂಜೆಕ್ಷನ್ನೇ ಕಾಂಟ್ರಾಸ್ಟ್. ಅದರ ತುಂಬ ಅಯೋಡಿನ್. ದೊಡ್ಡವರಿಗೆ ದಿನಕ್ಕೆ ಬೇಕಾಗಿರುವುದು 150 ಮೈಕ್ರೋಗ್ರಾಂ. ಒಂದು ಸ್ಕ್ಯಾನ್‌ಗೆ ಹಾಕುವ 100 ಎಂ.ಎಲ್. ಔಷಧದಲ್ಲಿ ಸುಮಾರು 30 ಗ್ರಾಂ ಇರುತ್ತದೆ. ಲೆಕ್ಕ ಹಾಕಿ, ಐನೂರು ವರ್ಷಕ್ಕೂ ಜಾಸ್ತಿಯ ರೇಷನ್! ಹೆಚ್ಚಿನ ಪಾಲು ಒಂದೆರಡು ದಿನದಲ್ಲಿ ಹೊರಗೆ ಹೋದರೂ ಅಷ್ಟಿಷ್ಟು ಉಳಿದು ಕಾಡುತ್ತದೆ. ಉಳಿದ ಥೈರಾಯ್ಡ್ ಕೋಶಗಳಿಗೆ ಮಾಮೂಲಿ ಅಯೋಡಿನ್ ಯಾವುದು, ನಾವು ಕೊಡುವ ಅಯೋಡಿನ್-131 ಯಾವುದು ಗೊತ್ತಾಗುವುದಿಲ್ಲ. ಹೊಟ್ಟೆ ತುಂಬಿದವರ ಎಲೆಗೆ ಹೋಳಿಗೆ ಬಡಿಸಿದ ಹಾಗೆ, ಔಷಧ ದಂಡ. ಅದಕ್ಕೇ ಸ್ಕ್ಯಾನ್ ಆದ ಮೇಲೆ ಸಾಮಾನ್ಯವಾಗಿ 4ರಿಂದ 8 ವಾರ ಕಾಯುತ್ತೇವೆ.

ಅನುಮಾನ ಇದ್ದಾಗ ಮೂತ್ರದ ಅಯೋಡಿನ್ ಟೆಸ್ಟ್ ಬರೆಯುತ್ತೇನೆ. ಎಲ್ಲರಿಗೂ ಬೇಕಿಲ್ಲ. ಆದರೆ ಬರೆದರೆ ಯಾವತ್ತು ಎನ್ನುವುದೇ ಮುಖ್ಯ. ನಾವು ತಿಂದ ಅಯೋಡಿನ್‌ನಲ್ಲಿ ಶೇ. 90ಕ್ಕಿಂತ ಜಾಸ್ತಿ ಮೂತ್ರದಲ್ಲೇ ಹೋಗುತ್ತದೆ, ಅದೂ ಒಂದೆರಡು ದಿನದಲ್ಲಿ. ಹಾಗಾಗಿ ಚಿಕಿತ್ಸೆಗೆ ಮೊದಲಿನ ಅಯೋಡಿನ್ ಕಡಿಮೆ ಇರುವ ಪಥ್ಯ ಶುರು ಮಾಡುವ ಮೊದಲೇ ಟೆಸ್ಟ್ ಮಾಡಿಸಿದರೆ ಅದು ಹೇಳುವುದು ನಿನ್ನೆಯ ಸಾರು, ಉಪ್ಪಿನಕಾಯಿಯ ಕಥೆ. ಅಡ್ಮಿಟ್ ಆಗುವ ಬೆಳಿಗ್ಗೆ ಮಾಡಿಸಿದರೆ ಅಯೋಡಿನ್-131 ಕ್ಯಾಪ್ಸೂಲ್ ನುಂಗಿದ ಮೇಲೆ ರಿಪೋರ್ಟ್ ಬರುತ್ತದೆ. ಒಂದು ಸಲ ಹಾಗೇ ಆಯಿತು. ರಿಪೋರ್ಟ್ ಹಿಡಿದು ನಾವಿಬ್ಬರೂ ಸುಮ್ನೆ ಮುಖ ಮುಖ ನೋಡಿಕೊಂಡೆವು. ಈಗ ಎರಡು ವಾರದ ಪಥ್ಯದಲ್ಲಿ ಎಂಟು-ಹತ್ತನೇ ದಿನ ಮಾಡಿಸುತ್ತೇನೆ. ಜಾಸ್ತಿ ಬಂದರೆ ಡೋಸ್ ಬರುವ ಮೊದಲೇ ದಿನ ಮುಂದೂಡಬಹುದು. ಅಯೋಡಿನ್-131 ಎಂಟು ದಿನಕ್ಕೆ ಅರ್ಧ ಆಗಿಬಿಡುತ್ತದೆ, ಫ್ರಿಜ್ಜಿನಲ್ಲಿ ಇಟ್ಟುಕೊಂಡು ಕಾಯುವ ಸರಕಲ್ಲ.

ಲೀಟರಿಗೆ 100 ಮೈಕ್ರೋಗ್ರಾಂ ಒಳಗಿದ್ದರೆ ಸಾಮಾನ್ಯವಾಗಿ ಮುಂದುವರಿಯುತ್ತೇವೆ. 50ರ ಒಳಗಿದ್ದರೆ ಇನ್ನೂ ಖುಷಿ. ಚೊಂಬುಗಟ್ಟಲೆ ನೀರು ಕುಡಿದು ಬಂದರೆ ಅಂಕಿ ಸುಳ್ಳೇ ಇಳಿಯುತ್ತದೆ, ಅದಕ್ಕೆ ಮೂತ್ರದಲ್ಲಿ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೋಗುವ ಕ್ರಿಯಾಟಿನಿನ್ ಜೊತೆ ಹೋಲಿಸಿ ನೋಡುತ್ತೇನೆ. 24 ಗಂಟೆಯ ಮೂತ್ರ ಇನ್ನೂ ಒಳ್ಳೆಯದು, ಆದರೆ ಕ್ಯಾನ್ ಹಿಡಿದು ಬಸ್ಸಿನಲ್ಲಿ ಬನ್ನಿ ಎಂದು ಹೇಳಲು ನನಗೇ ಮನಸ್ಸಾಗುವುದಿಲ್ಲ.

ಉಪ್ಪಿನ ವಿಷಯ ಒಂದು. ಬಿಡಬೇಕಾದ್ದು ಅಯೋಡಿನ್, ಉಪ್ಪನ್ನಲ್ಲ. ಪ್ಯಾಕೆಟ್ ಓದಿ ಅಯೋಡಿನ್ ಸೇರಿಸದ ಉಪ್ಪು ತನ್ನಿ. ಕಲ್ಲುಪ್ಪಿಗೂ ಎಷ್ಟೋ ಕಡೆ ಅಯೋಡಿನ್ ಸೇರಿಸಿರುತ್ತಾರೆ. ಚಿಕಿತ್ಸೆಗೆಂದು ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್) ಮಾತ್ರೆ ನಿಲ್ಲಿಸಿದ ವಯಸ್ಸಾದವರು ಉಪ್ಪು ಪೂರ್ತಿ ಬಿಟ್ಟರೆ ಸೋಡಿಯಂ ಇಳಿದು ಮಂಕು ಬಡಿಯಬಹುದು.

ಮೊನ್ನೆ ಒಬ್ಬರು ಅಮ್ಮನ ಪಥ್ಯ ನೋಡಿದರೆ ಒಂದು ತಪ್ಪಿಲ್ಲ. ಹೋಟೆಲ್ ಊಟ ಇಲ್ಲ, ಹಪ್ಪಳ ಇಲ್ಲ, ಕಾಂಟ್ರಾಸ್ಟ್ ಸ್ಕ್ಯಾನೂ ಆಗಿರಲಿಲ್ಲ. ರಿಪೋರ್ಟ್ ಮಾತ್ರ 400 ದಾಟಿತ್ತು. ಹೃದಯದ ಅಮಿಯೋಡರೋನ್ ಮಾತ್ರೆ ಇದೆಯಾ ಎಂದು ಕೇಳಿದೆ, ಅದರ ಅಯೋಡಿನ್ ತಿಂಗಳುಗಟ್ಟಲೆ ಇಳಿಯುವುದಿಲ್ಲ. ಅದೂ ಇಲ್ಲ. ಕೊನೆಗೆ ಮಗಳು ಬ್ಯಾಗಿನಿಂದ ಒಂದು ಕಂದು ಬಾಟಲಿ ತೆಗೆದಳು. 'ಗಂಟಲು ನೋವು ಅಂತ ದಿನಕ್ಕೆ ಮೂರು ಸಲ ಬಾಯಿ ಮುಕ್ಕಳಿಸ್ತಾರೆ ಸಾರ್.' ಪೊವಿಡೋನ್ ಅಯೋಡಿನ್. ಬಾಟಲಿ ನನ್ನ ಮೇಜಿನ ಮೇಲೇ ಉಳಿಯಿತು. ಮೂರು ವಾರ ಬಿಟ್ಟು ಮತ್ತೆ ಟೆಸ್ಟ್ ಬರೆದಿದ್ದೇನೆ. 'ಅಷ್ಟರಲ್ಲಿ ಕಾಯಿಲೆ ಹರಡಲ್ಲ ತಾನೇ?' ಎಂದರು. ಅವರ ಮಟ್ಟದ ಕಾಯಿಲೆಗೆ ಮೂರು ವಾರ ಏನೂ ಅಲ್ಲ, ಉಪ್ಪುನೀರಲ್ಲಿ ಮುಕ್ಕಳಿಸಿ, ಅಯೋಡಿನ್ ಇಲ್ಲದ ಉಪ್ಪು ಎಂದೆ.