ಒದ್ದೆಯಾದ ಸ್ವಿಚ್ ಒಣಗಿದ ಮೇಲೆ ಬಳಸಬಹುದಾ?

ಪ್ರಶ್ನೆ: ಗೋಡೆಗೆ ನೀರಿಳಿದು ಸ್ವಿಚ್ ಬೋರ್ಡ್ ಒದ್ದೆಯಾಗಿತ್ತು. ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಈಗ ಒಣಗಿದೆ, ಜುಮ್ ಅನ್ನುವುದೂ ನಿಂತಿದೆ. ಇನ್ನು ಬಳಸಬಹುದಾ?

ಉತ್ತರ: ಬೇಡ. ಎಲೆಕ್ಟ್ರಿಷಿಯನ್ ಬೋರ್ಡ್ ಬಿಚ್ಚಿ ಒಳಗೆ ನೋಡುವ ತನಕ ಬಳಸಲೇಬೇಡಿ.

ಗೋಡೆಯಿಂದ ಇಳಿದ ನೀರಲ್ಲಿ ಸಿಮೆಂಟು, ಸುಣ್ಣ, ಧೂಳಿನ ಉಪ್ಪಿನಂಶ ಸೇರಿರುತ್ತದೆ. ಆ ನೀರಲ್ಲಿ ಕರೆಂಟ್ ಹರಿಯುವುದೇ ಉಪ್ಪಿನಂಶದಿಂದ. ನೀರು ಆರಿಹೋದರೂ ಉಪ್ಪು ಸ್ವಿಚ್ ಒಳಗೇ ಉಳಿಯುತ್ತದೆ. ಗಾಳಿಯಲ್ಲಿ ತೇವ ಜಾಸ್ತಿಯಾದ ದಿನ ಅದು ಮತ್ತೆ ನೀರು ಹೀರಿಕೊಂಡು ಟರ್ಮಿನಲ್‌ಗಳ (ವೈರ್ ಸಿಕ್ಕಿಸುವ ಲೋಹದ ತುದಿಗಳ) ನಡುವೆ ಕರೆಂಟಿಗೆ ದಾರಿ ಮಾಡಿಕೊಡುತ್ತದೆ. ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿಗಳು ಹಾರಿ ಪ್ಲಾಸ್ಟಿಕ್ ಮೇಲೆ ಕಪ್ಪು ಗೆರೆ ಮೂಡುತ್ತದೆ. ಆ ಕಪ್ಪು ಇಂಗಾಲ. ಪೂರ್ತಿ ಒಣಗಿದ್ದರೂ ಅದು ಕರೆಂಟ್ ಹರಿಸುತ್ತದೆ, ಬಿಸಿಯಾಗುತ್ತದೆ. ಬೆಂಕಿ ಹೊತ್ತಿಕೊಳ್ಳಲು ಇಷ್ಟು ಸಾಕು.

ಹಿತ್ತಾಳೆ ಟರ್ಮಿನಲ್‌ಗೆ ಹಸಿರು ಕಿಲುಬು ಹಿಡಿದರೂ ತೊಂದರೆಯೇ. ಸಂಪರ್ಕ ಸಡಿಲವಾಗಿ ಅಲ್ಲೇ ಕಾವು ಏರುತ್ತದೆ. ಕಪ್ಪು ಗೆರೆ ಅಥವಾ ಕಿಲುಬು ಕಂಡ ಸ್ವಿಚ್ಚನ್ನು ಒರೆಸಿ ಮತ್ತೆ ಹಾಕಿಸಬೇಡಿ, ಬದಲಾಯಿಸಿ.

ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆಯಲ್ಲ ಅಂತ ಎಷ್ಟೋ ಜನ ಸುಮ್ಮನಿರುತ್ತಾರೆ. ಅದು ಓವರ್‌ಲೋಡ್, ಶಾರ್ಟ್ ಆದಾಗ ಮಾತ್ರ ಬೀಳುತ್ತದೆ. ಲೆಕ್ಕ ನೋಡಿ: ಒದ್ದೆ ಮೈಯ ತಡೆ ಸುಮಾರು 1,000 ಓಮ್‌ಗೆ ಇಳಿಯಬಹುದು. 230 ವೋಲ್ಟ್ ತಗುಲಿದರೆ ಮೈಯಲ್ಲಿ 230 ಮಿಲಿಆಂಪ್ ಹರಿಯುತ್ತದೆ. ಜೀವ ಹೋಗಲು ಇದು ಸಾಕು, ಆದರೆ ಎಂಸಿಬಿಗೆ ಇದು ಗೊತ್ತೇ ಆಗುವುದಿಲ್ಲ. ನೆಲಕ್ಕೆ ಸೋರುವ ಕರೆಂಟ್ ಹಿಡಿಯುವುದು ಆರ್‌ಸಿಸಿಬಿ. 30 ಮಿಲಿಆಂಪ್ ಸೋರಿದರೆ ಬೀಳುವಂಥದ್ದು ಹಾಕಿಸಿಕೊಳ್ಳಿ. ಅದರ ಟೆಸ್ಟ್ ಬಟನ್ ಒತ್ತಿ ಆಗಾಗ ನೋಡುತ್ತಿರಿ.

ಈಗ ಮೊದಲು ಮೇನ್ ಆಫ್ ಮಾಡಿ. ಸ್ವಿಚ್ ಆಫ್ ಇದ್ದರೂ ಒಳಗಿನ ಒಂದು ಟರ್ಮಿನಲ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಮೇನ್ ಬೋರ್ಡೇ ಒದ್ದೆಯಾಗಿದ್ದರೆ ಮುಟ್ಟಬೇಡಿ, ವಿದ್ಯುತ್ ಇಲಾಖೆಯವರನ್ನು ಕರೆಯಿರಿ. ಹೇರ್ ಡ್ರೈಯರ್‌ನಿಂದ ಒಣಗಿಸಿದರೆ ಮೇಲಷ್ಟೇ ಒಣಗುತ್ತದೆ, ವೈರ್ ಹಾಯುವ ಪೈಪಿನೊಳಗಿನ ನೀರು ಹಾಗೇ ನಿಂತಿರುತ್ತದೆ. ವೈರಿಂಗನ್ನು 500 ವೋಲ್ಟ್ ಮೆಗ್ಗರ್‌ನಲ್ಲಿ (ವೈರಿನ ಹೊದಿಕೆ ಕರೆಂಟನ್ನು ಎಷ್ಟು ತಡೆಯುತ್ತದೆ ಅಂತ ಅಳೆಯುವ ಉಪಕರಣ) ಪರೀಕ್ಷಿಸಲು ಹೇಳಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಮೇನ್ ಹಾಕಬೇಡಿ. ನೀರು ಎಲ್ಲಿಂದ ಇಳಿಯುತ್ತಿದೆ ಅಂತ ಹುಡುಕಿ ಅದನ್ನು ನಿಲ್ಲಿಸಿದ ಮೇಲೆಯೇ ಹೊಸ ಸ್ವಿಚ್ ಹಾಕಿಸಿ.