ಧಾರವಾಡ ಜಿಲ್ಲೆಯಲ್ಲಿ ಲಾಂಗ್ ಕೋವಿಡ್ ಎಷ್ಟು ಜನಕ್ಕಿದೆ?

ಪ್ರಶ್ನೆ: ಬ್ರಿಟನ್‌ನಾಗ 19 ಲಕ್ಷ ಮಂದಿಗೆ ಲಾಂಗ್ ಕೋವಿಡ್ ಐತಿ ಅಂತ ಓದಿದೆ. ನಮ್ಮ ಹುಬ್ಬಳ್ಳಿ-ಧಾರವಾಡದಾಗ ಎಷ್ಟು? ದವಾಖಾನ್ಯಾಗ ಲೆಕ್ಕ ಇಟ್ಟಿಲ್ಲೇನು?

ಉತ್ತರ: ಲಾಂಗ್ ಕೋವಿಡ್ ಅಂದರೆ ಕೋವಿಡ್ ಬಂದುಹೋದ ಮೇಲೂ ಬಿಡದೆ ಉಳಿಯುವ ತೊಂದರೆ. ದವಾಖಾನೆಯ ಲೆಕ್ಕದಿಂದ ಈ ಸಂಖ್ಯೆ ಸಿಗುವುದಿಲ್ಲ. ಬ್ರಿಟನ್‌ನವರೂ ದವಾಖಾನೆಯಲ್ಲಿ ಎಣಿಸಿಲ್ಲ. ಅವರ ರಾಷ್ಟ್ರೀಯ ಅಂಕಿಅಂಶ ಕಚೇರಿ ಚೀಟಿ ಎತ್ತಿದ ಹಾಗೆ ಮನೆಗಳನ್ನು ಆರಿಸಿ, ಜನರನ್ನೇ ಕೇಳಿತು: ಕೋವಿಡ್ ಬಂದು ನಾಲ್ಕು ವಾರ ದಾಟಿದ ಮೇಲೂ, ಬೇರೆ ಕಾರಣವಿಲ್ಲದ ತೊಂದರೆ ಇದೆಯಾ? ಹೌದು ಅಂದವರು ಲೆಕ್ಕಕ್ಕೆ ಬಂದರು. ಡಾಕ್ಟರ ಕಾಗದ ಬೇಕಿರಲಿಲ್ಲ. 2023ರ ಮಾರ್ಚ್‌ನ ಅಂದಾಜು 19 ಲಕ್ಷ, ಅಂದರೆ ನೂರಕ್ಕೆ 2.9. ಅವರಲ್ಲಿ ನೂರಕ್ಕೆ 72 ಮಂದಿ ಹೇಳಿದ್ದು ಸುಸ್ತು.

ಸುಸ್ತು ಅಂತ ನಮ್ಮಲ್ಲಿ ಯಾರು ದವಾಖಾನೆಗೆ ಹೋಗ್ತಾರೆ ಹೇಳಿ? ದುರ್ಗದ ಬೈಲಿನ ಅಂಗಡಿಯಲ್ಲಿ ದಿನವಿಡೀ ನಿಲ್ಲುವವರು ಸಂಜೆಗೆ ಕಾಲು ಸೋತರೆ "ವಯಸ್ಸಾತು ಬಿಡ್ರಿ" ಅಂತ ಸುಮ್ಮನಾಗುತ್ತಾರೆ. ಹೋದರೂ ಕೇಸ್ ಪೇಪರ್ ಮೇಲೆ 'ವೀಕ್‌ನೆಸ್' ಅಂತ ಬರೆದು ಬಿ-ಕಾಂಪ್ಲೆಕ್ಸ್ ಕೊಟ್ಟರೆ ಮುಗಿಯಿತು.

ಕೇಳುವ ರೀತಿ ಬದಲಾದರೂ ಸಂಖ್ಯೆ ಬದಲಾಗುತ್ತದೆ. 2022ರಲ್ಲಿ ಅಮೆರಿಕದ ವಯಸ್ಕರಲ್ಲಿ "ಯಾವಾಗಲಾದರೂ ಇತ್ತು" ಅಂದವರು ನೂರಕ್ಕೆ 6.9, "ಈಗಲೂ ಇದೆ" ಅಂದವರು 3.4. ಅದೇ ಸಮೀಕ್ಷೆ, ಅರ್ಧಕ್ಕರ್ಧ ಫರಕು! ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಇನ್ನೂ ಬಿಗಿ. ಸೋಂಕು ತಗುಲಿ ಮೂರು ತಿಂಗಳಾಗಿರಬೇಕು, ತೊಂದರೆ ಕನಿಷ್ಠ ಎರಡು ತಿಂಗಳು ಇರಬೇಕು.

ನಮ್ಮಲ್ಲೂ ಮನೆಮನೆಗೆ ಬರುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದೆ. ಅದರ ಐದನೇ ಸುತ್ತು ಕರ್ನಾಟಕದಲ್ಲಿ ಮುಗಿದಿದ್ದು 2019ರಲ್ಲಿ, ಕೋವಿಡ್ ಬರುವ ಮುಂಚೆ! ಕೋವಿಡ್‌ಗೆ ಮುಂಚಿನ ಬಿಪಿ, ಶುಗರ್ ಲೆಕ್ಕ ಜಿಲ್ಲಾವಾರು ಇದೆ. ಹೋಲಿಸಿ ನೋಡುವವರಿಗೆ ಅದು ಒಳ್ಳೆಯ ಆಸ್ತಿಯೇ. ಲಾಂಗ್ ಕೋವಿಡ್ ಲೆಕ್ಕಕ್ಕೆ ಮಾತ್ರ ಉಪಯೋಗವಿಲ್ಲ.

ಹಾಗಾದರೆ 2011ರ ಜನಗಣತಿಯ 18.47 ಲಕ್ಷಕ್ಕೆ 2.9 ಶೇಕಡಾ ಹಾಕಿ 53 ಸಾವಿರ ಅನ್ನಬಹುದಲ್ವಾ? ಬೇಡ. ಬ್ರಿಟನ್‌ನಲ್ಲಿ ಮುದುಕರು ಜಾಸ್ತಿ, ನಮ್ಮ ಗಣತಿ ಹಳೆಯದು. ಅದಕ್ಕಿಂತ ದೊಡ್ಡ ತೊಡಕು, "ನಿಮಗೆ ಕೋವಿಡ್ ಬಂದಿತ್ತಾ?" ಅನ್ನುವ ಮೊದಲ ಪ್ರಶ್ನೆಯೇ. 2021ರ ಜೂನ್-ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ 70 ಜಿಲ್ಲೆಗಳಲ್ಲಿ ರಕ್ತ ಪರೀಕ್ಷಿಸಿದಾಗ, ಲಸಿಕೆ ಹಾಕಿಸಿಕೊಳ್ಳದವರಲ್ಲೂ ನೂರಕ್ಕೆ 62 ಮಂದಿಗೆ ಸೋಂಕು ಬಂದುಹೋಗಿದ್ದು ಕಂಡಿತು. ಅವರಲ್ಲಿ ಬಹಳ ಮಂದಿ ಟೆಸ್ಟ್ ಮಾಡಿಸಿದವರೇ ಅಲ್ಲ.

ನಿಮಗೇ ಸುಸ್ತು ಹೋಗುತ್ತಿಲ್ಲ ಅಂದರೆ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್ ನೋಡಿಸಿ. ಅವು ಸರಿ ಇದ್ದರೆ, ಕೋವಿಡ್ ಯಾವಾಗ ಬಂದಿತ್ತು, ಯಾವ ತಿಂಗಳಿಂದ ಈ ತೊಂದರೆ ಅನ್ನುವುದನ್ನು ಕೇಸ್ ಪೇಪರ್ ಮೇಲೆ ಬರೆಸಿ.